ತಾತನ ಪಟ್ಟಿಯ ಮೊದಲ ಆಟ

ಈ ಮಾತನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಕೊನೆಗೆ ಒಂದು ಲೋಟ ಕಾಫಿ ಕೇಳಿ ಸುಮ್ಮನಾಗಿದ್ದೇನೆ. ನನ್ನ ಸಕ್ಕರೆ ಕಾಯಿಲೆಗೆ ಅರ್ಧ ಕಾರಣ ಹಾಗೆ ಕುಡಿದ ಕಾಫಿಯೇ ಇರಬೇಕು. ಇವತ್ತು ಹೇಳಿಬಿಡುತ್ತೇನೆ. ನೀವು ಸ್ವಲ್ಪ ಹತ್ತಿರ ಕುಳಿತುಕೊಳ್ಳಿ. ನಾನು ಬೇರೆ ಮಾತಿಗೆ ಜಾರಿಕೊಂಡರೆ ಹಿಡಿದು ಎಳೆದು ತನ್ನಿ. ಜಾರಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ.

ಇದಕ್ಕೆಲ್ಲ ಕಾರಣ ಒಂದು ಹುಣಸೆ ಬೀಜ. ಮೊನ್ನೆ ಪಿರಿಯಾಪಟ್ಟಣದ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಅದನ್ನು ಕಲ್ಲಿಗೆ ಉಜ್ಜುತ್ತಿದ್ದೆ. ಒಂದು ಮಗ್ಗುಲು ಸವೆದು ಬೆಳ್ಳಗಾದ ನಾಲ್ಕು ಬೀಜವಿದ್ದರೆ ಚೌಕಾಬಾರ ಆಡಲು ಕವಡೆಯೇ ಬೇಡ. ಉಜ್ಜುತ್ತ ಉಜ್ಜುತ್ತ ಬೀಜ ಬಿಸಿಯಾಗಿ ಸೀದ ವಾಸನೆ ಬಂತು. ನನ್ನ ಕೈ ತಾನೇ ನಿಂತಿತು.

ಬೀಜ ಉಜ್ಜುವ ಕೆಲಸ ಕೊಟ್ಟವಳು ಐದನೇ ಕ್ಲಾಸಿನ ಮೊಮ್ಮಗಳು ಸಿಂಚನ. ಅವಳ ಶಾಲೆಯವರು ಒಂದು ಹಾಳೆ ಕಳಿಸಿದ್ದರು. ಮನೆಮಂದಿಯೆಲ್ಲ ಮಕ್ಕಳ ಜೊತೆ ಕುಳಿತು ಆಡಬಹುದಾದ ಆಟ, ಓದಬಹುದಾದ ಪುಸ್ತಕ, ನೋಡಬಹುದಾದ ಕಾರ್ಯಕ್ರಮ ಇವನ್ನು ಮನೆಯ ಹಿರಿಯರು ಆರಿಸಿ ಬರೆಯಬೇಕು. ಕೊನೆಯಲ್ಲಿ ಹಿರಿಯರ ಹೆಸರು. ಆ ಹೆಸರಿನವರು ಶನಿವಾರ ಶಾಲೆಗೆ ಬಂದು ಆಟ ಕಲಿಸಬೇಕು.

ಹಾಳೆ ನೇರವಾಗಿ ನನ್ನ ಕೈಗೇ ಬಂತು. ನಮ್ಮ ಮನೆಯಲ್ಲಿ ಈ ಖಾತೆ ನನ್ನದು. ಮಕ್ಕಳು ನೋಡುವುದನ್ನೆಲ್ಲ ಮೊದಲು ನಾನು ನೋಡಿ ಸೈ ಅನ್ನಬೇಕು. ಒಮ್ಮೆ ಬೆಕ್ಕು ಇಲಿಗಳ ಕಾರ್ಟೂನನ್ನು ಪರೀಕ್ಷೆ ಮಾಡಲು ಕೂತವನು ಮೂರು ದಿನ ಪರೀಕ್ಷೆ ಮಾಡಿದೆ. ನಾಲ್ಕನೇ ದಿನ ಸೊಸೆ ಅಡುಗೆಮನೆಯಿಂದಲೇ, ‘ಮಾವ, ಪಾಸಾಯ್ತಾ ಫೇಲಾಯ್ತಾ? ಮಕ್ಳು ಕಾಯ್ತಾ ಕುಂತವೆ ಕಣ್ರೀ’ ಎಂದಳು. ಮೊಬೈಲಿನ ಆಟಗಳಿಗೂ ಇದೇ ಕಾನೂನು. ಅವುಗಳಲ್ಲಿ ನಾನು ಸೋತದ್ದೆಲ್ಲ ಮಕ್ಕಳಿಗೆ ತಕ್ಕುದಲ್ಲ ಎಂದು ತೀರ್ಮಾನವಾಗುತ್ತಿತ್ತು ಎಂಬುದು ಮಕ್ಕಳ ದೂರು. ಪೂರ್ತಿ ಸುಳ್ಳೇನಲ್ಲ.

ಆದರೂ ನನಗೆ ಮೂರು ನಿಯಮಗಳಿವೆ, ಬೀದಿಯವರೆಲ್ಲ ಮೆಚ್ಚಿದವು. ಒಂದು, ಸೋತವರು ಎದ್ದುಹೋಗದೆ ಕೊನೆಯವರೆಗೂ ಕೂತಿರುವಂತಿದ್ದರೆ ಅದು ಮನೆಮಂದಿಯ ಆಟ. ಎರಡು, ಒಬ್ಬರು ಗಟ್ಟಿಯಾಗಿ ಓದುವಾಗ ಉಳಿದವರ ಕೈ ಕೆಲಸ ಮಾಡುತ್ತಲೇ ಇದ್ದು, ಕಿವಿ ಮಾತ್ರ ಅತ್ತ ಇದ್ದರೆ ಅದು ಒಳ್ಳೆಯ ಪುಸ್ತಕ. ಮೂರು, ತೊಡೆಯ ಮೇಲೆ ಕೂತ ಮಗು ‘ಯಾಕೆ’ ಎಂದು ಕೇಳಿದರೆ ಸುಳ್ಳು ಹೇಳದೆ ಉತ್ತರ ಕೊಡಲು ಆಗಬೇಕು. ಅಂಥದ್ದು ನೋಡಬಹುದು.

ಎಂಥ ತಿಳುವಳಿಕೆ ಈ ಮುದುಕನಿಗೆ ಎಂದುಕೊಂಡಿರಾ? ಇನ್ನೂ ಸ್ವಲ್ಪ ತಡೆಯಿರಿ.

ಸಿಂಚನಳಿಗೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದು ಆಟ ಹೇಳಿಕೊಟ್ಟೆ. ಕಾಯಿ ಹೊರಗಿನ ಮನೆಗಳನ್ನು ಸುತ್ತಿ, ಒಳಸುತ್ತಿಗೆ ಹೋಗಿ, ನಡುಮನೆ ಸೇರಿದರೆ ಹಣ್ಣಾದಂತೆ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ.

‘ಅಂದ್ರೆ ಯಾರ್ನಾದ್ರೂ ಹೊಡೆದ್ರೇನೇ ಮುಂದಕ್ಕೆ ಹೋಗೋದಾ?’ ಎಂದಳು ಅವಳು. ‘ಇದು ಫ್ಯಾಮಿಲಿ ಆಟಾನಾ ತಾತ? ನೀನು ಯಾರ್ನ ಹೊಡೆದಿದ್ದೆ?’

ಅವಳು ಕೇಳಿದ್ದು ಕಾಯಿಯ ವಿಷಯ. ನನ್ನ ಬಾಯಿಂದ ಮಾತ್ರ, ‘ನನ್ನ ತಂಗೀನ’ ಎಂದು ಬಂತು.

ನನ್ನ ತಂಗಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಆ ಮೂರು ನಿಯಮಗಳೂ ಅವಳವೇ. ನನ್ನದೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ, ಅದು ಚಿಕ್ಕ ಕಳ್ಳತನ. ದೊಡ್ಡದು ಬೇರೆ ಇದೆ.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಮುರಿದು ತಂದ ಹಸಿ ಸೊಪ್ಪನ್ನು ಉದ್ದ ಕಡ್ಡಿಗಳಿಗೆ ದಾರದಿಂದ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲಾಗಿ ಏರಿಸಬೇಕು. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಹೊರಗಿನ ಒಲೆಯ ಬಿಸಿ, ನೆಲದ ಮೇಲೆ ಹಾಸಿದ ತಗಡಿನ ಕೊಳವೆಗಳಲ್ಲಿ ಹರಿದು ಒಳಗೆಲ್ಲ ಹಬ್ಬುತ್ತದೆ. ಇಲ್ಲಿ ಒಂದು ಗುಟ್ಟಿದೆ. ಒಣಗಿದಂತೆ ಸೊಪ್ಪಿನ ತೊಟ್ಟು ಸಣ್ಣಗಾಗುತ್ತದೆ. ಹಸಿಯಲ್ಲಿ ಬಿಗಿಯಾಗಿ ಕಂಡ ಗಂಟು ಆಗ ಸಡಿಲ. ಎಲೆ ಜಾರಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕಟ್ಟುವವರು ಬೆರಳು ಕೆಂಪಾಗುವಷ್ಟು ದಾರ ಬಿಗಿಯಬೇಕು.

ತಂಗಿಯ ಗಂಟು ಎಂದೂ ಜಾರಿದ್ದಿಲ್ಲ. ಕಟ್ಟುತ್ತಲೇ ಪಕ್ಕದಲ್ಲಿ ಶಾಲೆಯ ಕತೆ ಪುಸ್ತಕ ತೆರೆದಿಟ್ಟು, ಕಾಲ್ಬೆರಳಿನಿಂದ ಹಾಳೆ ತಿರುಗಿಸಿ ಓದುತ್ತಿದ್ದಳು. ಸೊಪ್ಪು ಕಟ್ಟುವ ಹೆಂಗಸರೆಲ್ಲ, ‘ಮುಂದ್ಕೆ ಓದವ್ವ, ಆ ರಾಣಿ ಬದುಕಿದ್ಲಾ?’ ಎನ್ನುತ್ತಿದ್ದರು. ಪುಸ್ತಕ ಚೆನ್ನಾಗಿಲ್ಲದಿದ್ದರೆ ಅವರ ಮಾತು ಬೇರೆ ಕಡೆ ತಿರುಗುತ್ತಿತ್ತು, ಅವಳು ಪುಸ್ತಕ ಬದಲಿಸುತ್ತಿದ್ದಳು.

ಶಾಲೆಗೆ ರಜೆ ಬಂದಾಗ, ಊಟದ ಬಿಡುವಿನಲ್ಲಿ ನಮ್ಮಿಬ್ಬರ ಚೌಕಾಬಾರ. ಪಣ ಇಪ್ಪತ್ತು ಕಡ್ಡಿ. ಸೋತವರು ಗೆದ್ದವರ ಪಾಲಿನ ಇಪ್ಪತ್ತು ಕಡ್ಡಿ ಕಟ್ಟಿಕೊಡಬೇಕು. ನಾನು ಹೈಸ್ಕೂಲು, ಅವಳು ಏಳನೇ ಕ್ಲಾಸು, ಆದರೂ ದಿನವೂ ಅವಳೇ ಗೆಲ್ಲುತ್ತಿದ್ದಳು. ಆ ದಿನ ನನ್ನ ಗೆಳೆಯರ ಎದುರಿಗೇ ಸೋಲಿಸಿ, ‘ಕಟ್ಟೋಗಣ್ಣ, ಸೊಪ್ಪು ಬಾಡ್ತದೆ’ ಎಂದು ನಕ್ಕಳು. ನಾನು ಉರಿದುಹೋದೆ. ಆ ಸಿಟ್ಟಿನಲ್ಲಿ ಇಪ್ಪತ್ತು ಕಡ್ಡಿಯನ್ನೂ ಕಾಟಾಚಾರಕ್ಕೆ ಸುತ್ತಿ ಅವಳ ರಾಶಿಯ ಮೇಲೆ ಎಸೆದು ಆಡಲು ಹೋದೆ.

ನಾಲ್ಕನೇ ದಿನ ಮಧ್ಯಾಹ್ನ ಬ್ಯಾರನ್ ಹೊತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ಸೊಪ್ಪೆಲ್ಲ ಹೋಯಿತು. ಅಪ್ಪ ಕರಿಯಾದ ಗೋಡೆಯ ಮುಂದೆ ನಿಂತು, ‘ಕೆಳಗ್ಲು ಸಾಲ್ನಾಗಿದ್ದ ಕಡ್ಡಿ ಯಾರ್ವುಲಾ?’ ಎಂದ.

‘ಅವ್ಳವು ಕಣಪ್ಪ’ ಎಂದೆ.

ಸುಳ್ಳಲ್ಲ ನೋಡಿ. ಅವಳ ಪಾಲಿನವೇ. ಕಟ್ಟಿದ್ದು ಯಾರೆಂದು ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ತಂಗಿ ನನ್ನ ಮುಖ ನೋಡಿದಳು. ನಾನೇ ಹೇಳಲಿ ಎಂದು ಕಾದಳೋ ಏನೋ. ನಾನು ಕಾಲ ಕೆಳಗಿನ ಬೂದಿ ನೋಡುತ್ತ ನಿಂತೆ.

‘ಪುಸ್ತಕ ನೋಡ್ಕಂಡು ಸೊಪ್ಪು ಕಟ್ಟುದ್ರೆ ಇನ್ನೇನಾದದು? ಇಸ್ಕೂಲು ಸಾಕು ಬುಡು ಇವ್ಳಿಗೆ’ ಎಂದ ಅಪ್ಪ. ಅಷ್ಟೇ. ರಜೆ ಮುಗಿದ ಬೆಳಿಗ್ಗೆ ನಾನೊಬ್ಬನೇ ಶಾಲೆಗೆ ಹೊರಟೆ. ಅವಳು ಬಾಗಿಲಲ್ಲಿ ನಿಂತು, ‘ಅಣ್ಣ, ಆ ಪುಸ್ತಕ ವಾಪಸ್ ಕೊಟ್ಬುಡು, ಮೇಷ್ಟ್ರು ಬೈತಾರೆ’ ಎಂದು ಕೈಗಿಟ್ಟಳು. ಕೊಟ್ಟುಬಂದೆ. ಬೇರೊಂದು ತಂದುಕೊಡಬಹುದಿತ್ತು. ತರಲಿಲ್ಲ. ಅವಳು ಓದುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ನಾನು ಹತ್ತನೇ ಕ್ಲಾಸು ಮುಗಿಸಿದೆ. ಒಂದು ಕಾಯಿ ಹೊಡೆದವನು ಒಳಸುತ್ತಿಗೆ ಹೋದಂತೆ ಹೋದೆ.

ಅವಳು ಮದುವೆಯಾಗಿ ಕೋಟೆ ತಾಲ್ಲೂಕಿನ ಹಂಪಾಪುರಕ್ಕೆ ಹೋದಳು. ಈಗ ಅವಳೂ ಅಜ್ಜಿ. ‘ಅಣ್ಣ, ಆ ಎಂಟು ಗಂಟೆ ಸೀರಿಯಲ್ಲ ಮಕ್ಳ ಮುಂದೆ ಹಾಕ್ಬೇಡ, ಯಾಕೆ ಅಂದ್ರೆ ಏನೇಳ್ತೀಯ?’ ಎಂದು ಫೋನಿನಲ್ಲಿ ಎಚ್ಚರಿಸುತ್ತಾಳೆ. ನಾನು ಫೋನಿಟ್ಟು ಆ ಮಾತನ್ನು ನನ್ನದೇ ಎಂಬಂತೆ ಮನೆಯಲ್ಲಿ ಹೇಳುತ್ತೇನೆ. ಅವಳ ಮನೆಗೆ ಹೋದಾಗಲೆಲ್ಲ ಇವತ್ತು ಕ್ಷಮೆ ಕೇಳಿಯೇ ಬಿಡಬೇಕು ಎಂದುಕೊಂಡು ಹೋಗಿ, ಕಾಫಿ ಕುಡಿದು ಬಂದಿದ್ದೇನೆ. ಅದನ್ನು ಆಗಲೇ ಹೇಳಿದೆ.

ಸಿಂಚನ ಎಲ್ಲ ಕೇಳಿಸಿಕೊಂಡಳು. ‘ಸಾರಿ ಕೇಳಿದ್ಯಾ ತಾತ?’

‘ಇಲ್ಲ.’

‘ಯಾಕೆ?’

‘ಯಾಕೆ’ ಎಂದರೆ ಸುಳ್ಳು ಹೇಳಬಾರದು, ನಿಯಮ ತಂಗಿಯದು. ಎದ್ದು ಹೋಗಿ ಹಂಪಾಪುರಕ್ಕೆ ಫೋನು ಮಾಡಿದೆ. ಶನಿವಾರ ಬರಬೇಕು, ಶಾಲೆಯಲ್ಲಿ ಆಟ ಕಲಿಸಬೇಕು ಎಂದೆ.

‘ಥೂ, ಹೋಗಣ್ಣ. ಏಳನೇ ಕ್ಲಾಸ್ನೇ ಮುಗುಸ್ನಿಲ್ಲ ನಾನು. ಇಸ್ಕೂಲ್ನಾಗೆ ನನ್ಗೇನು ಕೆಲ್ಸ?’

‘ಚೌಕಾಬಾರ ಕಣವ್ವ.’

ಆ ಕಡೆಯಿಂದ ಅದೇ ಹಳೆಯ ನಗು. ‘ಪಣಕ್ಕೆ ಕಡ್ಡಿ ಇಲ್ಲ ತಾನೆ?’

ಅಂದರೆ ಅವಳು ಒಂದನ್ನೂ ಮರೆತಿಲ್ಲ. ಆಗಲೇ ಕೇಳಬೇಕಿತ್ತು. ಕೇಳಿದ್ದೇನು ಗೊತ್ತೆ? ‘ಬಸ್ಸು ಎಷ್ಟೊತ್ತಿಗೆ?’ ಎಂದು. ಹೇಳಿದೆನಲ್ಲ, ಜಾರಿಕೊಳ್ಳುವುದು ನನ್ನ ವಿದ್ಯೆ. ಅದಕ್ಕೇ ಮೊದಲು ನಿಮ್ಮೆದುರಿಗೆ ಹೇಳಿ ಬಾಯಿ ಪಳಗಿಸಿಕೊಳ್ಳುತ್ತಿದ್ದೇನೆ. ಶನಿವಾರ ನಾನೂ ಶಾಲೆಗೆ ಹೋಗುತ್ತೇನೆ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂರುತ್ತೇನೆ. ಅಲ್ಲಿ ಕಾಫಿ ಸಿಗುವುದಿಲ್ಲ.

ಫೋನಿಟ್ಟು ಮೆಟ್ಟಿಲಿಗೆ ಬಂದೆ. ಉಜ್ಜಿದ ಬೀಜ ಆರಿತ್ತು. ಹಾಳೆಯ ಕೊನೆಯಲ್ಲಿ ಸಿಂಚನ ಮೊದಲೇ ದುಂಡಗೆ ಬರೆದಿಟ್ಟಿದ್ದ ನನ್ನ ಹೆಸರನ್ನು ಹೊಡೆದುಹಾಕಿ, ನಿಧಾನವಾಗಿ ಬರೆದೆ: ಚಿಕ್ಕತಾಯಮ್ಮ, ಹಂಪಾಪುರ.