ನಿಂತಲ್ಲೇ ನಿಂತ ಹಸಿರು ಟ್ಯಾಂಕು

ನನ್ನ ತಮ್ಮನಿಗೆ ಇನ್ನೂ ಒಂದಿಷ್ಟು ಕಣ್ಣು ಕಾಣುತ್ತಿದ್ದಾಗ ಅವನು ನನ್ನಲ್ಲಿ ಕೇಳಿದ್ದು ಒಂದೇ ಒಂದು. ನಾವು ಚಿಕ್ಕವರಿದ್ದಾಗ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮನ್ನು ಮೊಬೈಲಿಗೆ ಹಾಕಿಕೊಂಡು ಬಂದು ತೋರಿಸು ಎಂದಿದ್ದ. ಹಾಕುವುದನ್ನು ನಾನು ಹಾಕಿದೆ. ಅವನ ಹತ್ತಿರ ತೆಗೆದುಕೊಂಡು ಹೋಗಲಿಲ್ಲ. ವರ್ಷಗಟ್ಟಲೆ ಆ ಆಟ ನನ್ನ ಮೊಬೈಲಿನಲ್ಲೇ ಇತ್ತು. ನಾನೊಬ್ಬಳೇ ಆಡುತ್ತಿದ್ದೆ.

ಬೈಲಹೊಂಗಲದಲ್ಲಿ ಮನೆಯಲ್ಲೇ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಸಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ಹೀಗೆ ಕುಳಿತು ಬರೆದು ರೂಢಿಯಿಲ್ಲ. ಬರೆಯದೆ ಬಿಟ್ಟರೆ ಇದನ್ನೆಲ್ಲ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಳ್ಳುತ್ತೇನೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ಸವದತ್ತಿ. ಅಪ್ಪ ಒಮ್ಮೆ ಬೆಳಗಾವಿಯಿಂದ ಬರುವಾಗ ಬೂದು ಬಣ್ಣದ ಆ ಪೆಟ್ಟಿಗೆ ತಂದಿದ್ದ. ಮೇಲೆ ಕ್ಯಾಸೆಟ್ಟು ತುರುಕಬೇಕು. ಚಿತ್ರ ಬರದಿದ್ದರೆ ಕ್ಯಾಸೆಟ್ಟು ತೆಗೆದು ಬುಡಕ್ಕೆ ಬಾಯಿಂದ ಊದಿ ಮತ್ತೆ ತುರುಕಬೇಕು. ಎರಡು ರಿಮೋಟು ಇದ್ದವು. ಆಟ ಶುರು ಮಾಡುವ ಗುಂಡಿ ಇದ್ದದ್ದು ಮೊದಲನೆಯದರಲ್ಲಿ ಮಾತ್ರ. ನಾನು ದೊಡ್ಡವಳೆಂದು ಅದು ಯಾವಾಗಲೂ ನನ್ನ ಕೈಯಲ್ಲಿ. ನಮಗೆ ಹಿಡಿಸಿದ್ದು ಟ್ಯಾಂಕಿನ ಆಟ. ಕೆಳಗೆ ಇಟ್ಟಿಗೆಯ ಗೂಡಿನಲ್ಲಿ ಒಂದು ಹಕ್ಕಿ ಇರುತ್ತದೆ; ಮೇಲಿಂದ ಇಳಿದು ಬರುವ ವೈರಿ ಟ್ಯಾಂಕುಗಳಿಂದ ಅದನ್ನು ಕಾಯಬೇಕು. ಒಬ್ಬರೇ ಆಡಿದರೆ ಹಳದಿ ಟ್ಯಾಂಕು ಒಂದೇ ಇರುತ್ತದೆ. ಇಬ್ಬರು ಆಡಿದರೆ ಪಕ್ಕದಲ್ಲಿ ಹಸಿರು ಟ್ಯಾಂಕೂ ಬರುತ್ತದೆ. ಹಳದಿ ನಾನು, ಹಸಿರು ಅವನು.

ಅವನು ಸಂಜೆಯಾದರೆ ಎಡವುತ್ತಿದ್ದ. ಹೊಸ್ತಿಲು, ಕೊಡ, ಮಲಗಿದ ಕರು, ಎಲ್ಲಕ್ಕೂ. ನಾನು ನಗುತ್ತಿದ್ದೆ, ಅವ್ವ ಬೈಯುತ್ತಿದ್ದಳು. ಅವನ ಟ್ಯಾಂಕಿಗೆ ಪಕ್ಕದಿಂದ ಗುಂಡು ಬಿದ್ದಾಗಲೆಲ್ಲ "ಕಣ್ಣ ಎಲ್ಲಿಟ್ಟೀದಿ?" ಎಂದು ನಾನೇ ತಲೆಗೆ ಮೊಟಕುತ್ತಿದ್ದೆ. ಮುಂದೆ ಹುಬ್ಬಳ್ಳಿಯ ಒಬ್ಬ ಡಾಕ್ಟರು ನೋಡಿ ಹೇಳಿದರು: ಕಣ್ಣಿನ ಹಿಂದಿನ ಪದರ ಅಂಚಿನಿಂದ ಒಣಗುತ್ತ ಬರುತ್ತದೆ, ಸುತ್ತಲಿನದು ಮೊದಲು ಹೋಗುತ್ತದೆ, ನಡುವಿನದು ಕಡೆಗೆ. ಔಷಧವಿಲ್ಲ. ಇದು ಮನೆತನದಲ್ಲಿ ಹರಿದು ಬರುವಂಥದ್ದು ಎಂದೂ ಹೇಳಿದರು. ತಮ್ಮ ಅದನ್ನು ತನ್ನದೇ ರೀತಿಯಲ್ಲಿ ವಿವರಿಸಿದ್ದ. "ಅವ್ವನ ಊದಗೊಳವಿ ಕಣ್ಣಿಗೆ ಇಟಗೊಂಡ ನೋಡಿದಂಗ ಆಗತೈತಿ, ಅಷ್ಟ."

ನನಗೆ ಗಂಡು ನೋಡಲು ಶುರು ಮಾಡಿದಾಗ ಅಪ್ಪ ಹೇಳಿದ, ತಮ್ಮ ಎಂಟು ದಿನ ಸುರೇಬಾನದಲ್ಲಿ ಚಿಗವ್ವನ ಮನೆಯಲ್ಲಿ ಇರಲಿ ಎಂದು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಮ್ಮ ಕುರುಡನಾಗುತ್ತಿದ್ದಾನೆಂದು ತಿಳಿದರೆ ಅಕ್ಕನನ್ನು ಯಾರು ಮಾಡಿಕೊಳ್ಳುತ್ತಾರೆ? ಅವ್ವ ಒಲೆಯ ಮುಂದೆ ಕುಳಿತಲ್ಲಿಂದ ಏಳಲಿಲ್ಲ. ಅವನ ಅಂಗಿ, ಚಡ್ಡಿ ಮಡಿಚಿ ಚೀಲಕ್ಕೆ ತುಂಬಿದವಳು ನಾನು.

"ಅಕ್ಕಾ, ನಿನ್ನ ನೋಡಾಕ ಬರೂ ಮಾವನ್ನ ನಾ ನೋಡೂದ ಬ್ಯಾಡೇನು?" ಎಂದು ಕೇಳಿದ.

"ಎಂಟ ದಿನ ಅಷ್ಟನೋ. ನೀ ಬಂದಮ್ಯಾಲ ಆಡೂಣಂತ."

"ಹಂಗಾರ ಮೊದಲನೇ ರಿಮೋಟ ನನಗ."

"ಆತ, ನಿನಗ."

ನನ್ನ ಮದುವೆಗೂ ಅವನನ್ನು ಕರೆಯಲಿಲ್ಲ. ಗಂಡಿನವರಿಗೆ, ಹುಡುಗ ರಾಮದುರ್ಗದ ಕಡೆ ಕೆಲಸಕ್ಕಿದ್ದಾನೆ, ರಜೆ ಸಿಗಲಿಲ್ಲ ಎಂದು ಹೇಳಿದೆವು. ಚಿಗವ್ವನ ಮನೆಯಲ್ಲಿ ಮಗ್ಗವಿತ್ತು. ಅವನು ಅಲ್ಲಿ ನೂಲು ಸುತ್ತಲು ಕಲಿತ. ಅದಕ್ಕೆ ಕಣ್ಣಿಗಿಂತ ಬೆರಳು ಮುಖ್ಯ. ಅಪ್ಪ ಅವ್ವ ಹೋಗಿ ನೋಡಿ ಬರುತ್ತಿದ್ದರು. ಯಾರೂ ಅವನನ್ನು ತಿರುಗಿ ಕರೆತರಲಿಲ್ಲ. ನಾನೂ ಕೇಳಲಿಲ್ಲ. ಫೋನಿನಲ್ಲಿ ಮಾತಾಡಿದರೆ ಸಾಕು, ಅಕ್ಕನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ನನ್ನ ಮಗಳು ಓಡಾಡುವಷ್ಟು ದೊಡ್ಡವಳಾಗಿದ್ದಾಗ ಒಂದು ದಿನ ಅವನೇ ಫೋನು ಮಾಡಿದ. ಚಿಗವ್ವನದು ಗುಂಡಿಯ ಮೊಬೈಲು. ಅದರಲ್ಲಿ ಮಾತು ಬಿಟ್ಟರೆ ಮತ್ತೇನಿಲ್ಲ. ಪಕ್ಕದ ಮನೆಯವರ ದೊಡ್ಡ ಮೊಬೈಲಿನಲ್ಲಿ ಕ್ರಿಕೆಟ್ ನೋಡಿ ಬಂದ ಖುಷಿಯಲ್ಲಿದ್ದ.

"ಟಿವ್ಯಾಗ ನೋಡಿದ್ರ ಬ್ಯಾಟ್ ಹಿಡದಾವ ಒಬ್ಬನ ಕಾಣತಾನ, ಬಾಲ್ ಹಾಕಾವ ಕಾಣಂಗಿಲ್ಲ. ಮೊಬೈಲ ಒಂದ ಮಾರ ದೂರ ಹಿಡದ್ರ ಇಡೀ ಮೈದಾನ ನನ್ನ ಕೊಳವ್ಯಾಗ ಹಿಡಸತೈತಿ ಅಕ್ಕಾ. ನಮ್ಮ ಟ್ಯಾಂಕಿನ ಆಟಾನೂ ಮೊಬೈಲಿಗೆ ಹಾಕಾಕ ಬರತೈತಂತ. ಸಣ್ಣದ ಮಾಡಿ ಹಾಕ್ಕೊಂಡ ಬಾ. ಈಗ ಹಿಡಸತೈತಿ. ಮುಂದ ಗೊತ್ತಿಲ್ಲ."

ಬರುತ್ತೇನೆ ಎಂದೆ.

ಅವತ್ತೇ ಕುಳಿತೆ. ಹಿಂದಿಯಲ್ಲಿ ಹೇಳಿಕೊಡುವ ವಿಡಿಯೋ ಹಾಕಿಕೊಂಡು, ಅವರು ಒತ್ತಿದಲ್ಲೆಲ್ಲ ನಾನೂ ಒತ್ತಿದೆ. ಎಮ್ಯುಲೇಟರ್ ಎಂಬ ಆ್ಯಪನ್ನು ಮೊಬೈಲಿಗೆ ಇಳಿಸಿಕೊಳ್ಳಬೇಕು. ಮೊಬೈಲು ನಮ್ಮ ಹಳೆಯ ಬೂದು ಪೆಟ್ಟಿಗೆಯಂತೆ ನಡೆದುಕೊಳ್ಳುವ ಹಾಗೆ ಅದು ಮಾಡುತ್ತದೆ. ಇಳಿಸಿ ತೆರೆದರೆ ಒಳಗೆ ಬರೀ ಕಪ್ಪು ಪುಟ. ಒಂದೂ ಆಟವಿಲ್ಲ. ಮೊಬೈಲು ಕೆಟ್ಟಿತೆಂದು ಹೆದರಿ ಅಳಿಸಿಬಿಟ್ಟೆ. ಮಾರನೆಯ ದಿನ ತಿಳಿಯಿತು, ಆ್ಯಪು ಅಂದರೆ ಮಷೀನು ಮಾತ್ರ, ಬಟ್ಟೆ ನಾವೇ ತರಬೇಕು. ಆಟ ಬೇರೆ ಫೈಲಾಗಿ ಇರುತ್ತದೆ. ಆ ಫೈಲು ಎಲ್ಲಿದೆಯೆಂದು ಆ್ಯಪಿಗೆ ತೋರಿಸಬೇಕು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ತಪ್ಪು ಫೋಲ್ಡರಿನೊಳಗೆ ಹೊಕ್ಕು, ಮಗಳ ಹುಟ್ಟುಹಬ್ಬದ ಫೋಟೋಗಳ ನಡುವೆ ಟ್ಯಾಂಕು ಹುಡುಕುತ್ತ ಕುಳಿತಿದ್ದೆ.

ಕಡೆಗೆ ಆ ಸಂಗೀತ ಬಂದಿತು. ಆಟ ಶುರುವಾಗುವ ಮುಂಚಿನ ಚಿಕ್ಕ ತುತ್ತೂರಿಯಂಥ ಸದ್ದು. ಹೊಲಿಗೆ ಮಷೀನಿನ ಮೇಲೆ ಮೊಬೈಲು ಇಟ್ಟು ಸುಮ್ಮನೆ ಕೇಳಿದೆ. ಗಾಜಿನ ಮೇಲೆಯೇ ಗುಂಡಿಗಳ ಚಿತ್ರಗಳಿದ್ದವು. ಅವುಗಳನ್ನು ಎಳೆದು ಅಂಚಿಗೆ ಸರಿಸಲು ಬರುತ್ತದೆ, ಆಟದ ಚಿತ್ರವನ್ನೂ ಎರಡು ಬೆರಳಿನಿಂದ ಹಿಂಡಿ ಸಣ್ಣದು ಮಾಡಲು ಬರುತ್ತದೆ. ಬೆಂಕಿಪೆಟ್ಟಿಗೆಯಷ್ಟು ಮಾಡಿ ನಡುವೆ ಇಟ್ಟೆ. ತಮ್ಮನ ಅಳತೆಗೆ ಹೊಲಿದ ಹಾಗಾಯಿತು.

ಇನ್ನು ಬಸ್ಸು ಹತ್ತುವುದೊಂದೇ ಬಾಕಿ. ಹತ್ತಲಿಲ್ಲ.

ತಮ್ಮನನ್ನು ನೋಡಲು ಹೊರಟೆನೆಂದರೆ ನಮ್ಮನೆಯವರು "ನಾನೂ ಬರ್ತೇನಿ, ನಿನ್ನ ತಮ್ಮನ್ನ ನೋಡೇ ಇಲ್ಲ" ಎನ್ನುತ್ತಾರೆ. ಅತ್ತೆ "ಇಲ್ಲೇ ಕರಕೊಂಡ ಬಾರವಾ, ನಾಕ ದಿನ ಇದ್ದ ಹೋಗಲಿ" ಎನ್ನುತ್ತಾರೆ. ಅವರು ಒಳ್ಳೆಯ ಮಾತನ್ನೇ ಆಡುತ್ತಿದ್ದರು. ನನಗೆ ಅದೇ ಹೆದರಿಕೆ. ಒಮ್ಮೆ ಅವನನ್ನು ನೋಡಿದರೆ ಆಮೇಲೆ ನನ್ನ ಮಗಳ ಕಣ್ಣನ್ನು ನೋಡುತ್ತಾರೆ. ಅವಳು ಎಡವಿದಾಗಲೆಲ್ಲ ನನ್ನನ್ನು ನೋಡುತ್ತಾರೆ. ದೀಪಾವಳಿಗೆ ಬರುತ್ತೇನೆ ಎಂದೆ. ಆಮೇಲೆ ಯುಗಾದಿಗೆ ಎಂದೆ. ಮದುವೆ ಸೀಜನ್ನು, ಬ್ಲೌಸು ಬಹಳ ಬಂದಿವೆ ಎಂದೆ. ಅವನು ಮೊದಮೊದಲು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಅದು ನನಗೆ ಹಗುರವೆನಿಸಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಹಗುರವೆನಿಸಿದ್ದು ನಿಜ.

ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದಾಗ, ಮಗಳು ಸಾಲೆಯಲ್ಲಿದ್ದಾಗ, ನಾನು ಆಟ ತೆರೆಯುತ್ತಿದ್ದೆ. ಇಬ್ಬರ ಆಟವನ್ನೇ ಆರಿಸುತ್ತಿದ್ದೆ. ಹಳದಿ ಟ್ಯಾಂಕು ನನ್ನ ಬೆರಳಿನ ಹಿಂದೆ ಓಡುತ್ತಿತ್ತು. ಹಸಿರು ಟ್ಯಾಂಕು ಹಕ್ಕಿಯ ಗೂಡಿನ ಪಕ್ಕದಲ್ಲಿ ನಿಂತಲ್ಲೇ ನಿಂತಿರುತ್ತಿತ್ತು. ಅದನ್ನು ನಡೆಸುವವರು ಯಾರೂ ಇಲ್ಲ. ನಾನು ವೈರಿಗಳನ್ನು ಬಿಟ್ಟು ಅದರ ಮುಂದೆಯೇ ಸುಳಿದಾಡುತ್ತ ಅದಕ್ಕೆ ಗುಂಡು ತಾಗದಂತೆ ನೋಡಿಕೊಳ್ಳುತ್ತಿದ್ದೆ. ಎಷ್ಟು ಹೊತ್ತು ಅಂತ ಕಾಯಲಾಗುತ್ತದೆ? ಯಾವುದೋ ಮೂಲೆಯಿಂದ ಒಂದು ಗುಂಡು ಬರುತ್ತಿತ್ತು. ಮನೆಯಲ್ಲಿ ಮಂದಿ ಇದ್ದರೂ ಆ ಹೊತ್ತಿನಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ. ಅದು ನಾನೇ ಮಾಡಿಕೊಂಡ ಒಂಟಿತನ ಎಂಬುದೂ ಗೊತ್ತಿತ್ತು.

ಹೋದ ವರ್ಷ ಮಗಳಿಗೆ ಸಾಲೆಯಲ್ಲಿ ಬೋರ್ಡಿನ ಅಕ್ಷರ ಕಾಣುತ್ತಿಲ್ಲ ಎಂದು ಟೀಚರು ಹೇಳಿ ಕಳಿಸಿದರು. ಗಂಡ ಹೆಂಡತಿ ಇಬ್ಬರೂ ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡುತ್ತ ಕೇಳಿದರು, "ಮನಿತನದಾಗ ಯಾರಿಗರ ಕಣ್ಣಿನ ಬ್ಯಾನಿ ಅದ ಏನ್ರಿ? ರಾತ್ರಿ ಕಾಣದಂಗ ಆಗೂದು ಅಂಥಾದ್ದು?"

"ಇಲ್ರೀ," ಎಂದರು ನಮ್ಮನೆಯವರು.

ಸುಳ್ಳು ಇನ್ನೊಮ್ಮೆ ತಾನಾಗಿಯೇ ನಡೆದುಹೋಗುತ್ತಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಈ ಸಲ ಕುರ್ಚಿಯಲ್ಲಿ ಕುಳಿತವಳು ಮಗಳು.

"ನನ್ನ ತಮ್ಮಗ ಐತ್ರೀ," ಎಂದೆ.

ನಮ್ಮನೆಯವರು ನನ್ನ ಕಡೆ ತಿರುಗಲಿಲ್ಲ. ಡಾಕ್ಟರಮ್ಮ ಮತ್ತೆ ಬಹಳ ಹೊತ್ತು ನೋಡಿದರು. ಈಗ ಅಂಥದ್ದೇನೂ ಕಾಣುತ್ತಿಲ್ಲ, ದೂರದ್ದು ಕಾಣಲು ಚಾಳೀಸು ಹಾಕಿದರೆ ಸಾಕು, ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದರು.

ತಿರುಗಿ ಬಂದು ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವರು ಕೇಳಿದರು. "ರಾಮದುರ್ಗದಾಗ ಕೆಲಸಾ ಅಂದಿದ್ರಿ?"

"ಸುರೇಬಾನದಾಗ ಚಿಗವ್ವನ ಮನ್ಯಾಗ ಅದಾನ್ರಿ. ನಮ್ಮ ಲಗ್ನದ ಮೊದಲಿಂದ."

"ನಮ್ಮ ಲಗ್ನದ ಸಲುವಾಗಿ?"

ಹೂಂ ಎಂದೆ. ಅವರು ಮಗಳ ಕೈ ಹಿಡಿದು ಮುಂದೆ ನಡೆದರು. ಮನೆಯ ಬಾಗಿಲ ಹತ್ತಿರ ಮಾತ್ರ ನಿಂತು, "ನಮ್ಮವ್ವಗ ಹೇಳಬ್ಯಾಡ," ಎಂದರು. ನಾನು ಹೊತ್ತಿದ್ದ ಗಂಟಿನ ಒಂದು ತುದಿಯನ್ನು ಅವರೂ ಹಿಡಿದ ಹಾಗಾಯಿತು. ಸಮಾಧಾನವೇನೂ ಆಗಲಿಲ್ಲ. ಆಮೇಲೆ ಒಂದು ರವಿವಾರ, "ಹೋಗಿ ಬಾ. ನಾ ಅವ್ವಗ ಏನರ ಹೇಳತೇನಿ," ಎಂದರು. ತಾವು ಬರುತ್ತೇನೆ ಎನ್ನಲಿಲ್ಲ. ನಾನು ಇಷ್ಟು ವರ್ಷ ಹೆದರಿದ್ದ ಮಾತನ್ನು ಅವರು ಆಡಲೇ ಇಲ್ಲ.

ಸವದತ್ತಿಯ ಮೇಲೆ ಹಾದು ರಾಮದುರ್ಗಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಸುರೇಬಾನಕ್ಕೆ ಹೋದೆ. ಮೊಬೈಲಿನಲ್ಲಿ ಚಾರ್ಜು ತುಂಬಿಸಿಕೊಂಡಿದ್ದೆ. ಅವನಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡೆ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಅಪ್ಪ ಹೊಡೆದ ದಿನ ಸಂಜೆ ಮಿರ್ಚಿ ತರುತ್ತಿದ್ದ, ತಿಂದರೆ ಮುಗಿಯಿತು. ನಾನೂ ಹಾಗೆಯೇ ಹೊರಟಿದ್ದೆ. ಮಿರ್ಚಿ ಕೊಡುವುದು, ಆಟ ತೋರಿಸುವುದು, ಸಂಜೆಯ ಬಸ್ಸಿಗೆ ತಿರುಗಿ ಬರುವುದು.

ಚಿಗವ್ವ ಬಾಗಿಲಲ್ಲೇ ಚುಚ್ಚಿದಳು. "ಏನ ನಮ್ಮವ್ವಾ, ದಾರಿ ತಪ್ಪಿ ಬಂದ್ಯೇನ?"

ಒಳಗೆ ಅವನು ನೂಲಿನ ರಾಟಿಯ ಮುಂದೆ ಕುಳಿತಿದ್ದ. ಗಡ್ಡ ಬಂದಿತ್ತು. ಮುಖವನ್ನು ನನಗಿಂತ ಸ್ವಲ್ಪ ಎಡಕ್ಕೆ ತಿರುಗಿಸಿ, "ಮಿರ್ಚಿ ಬಂತು. ಹಿಂದ ಯಾರರ ಬಂದಾರೇನು?" ಎಂದ. ಮೂವರೂ ನಕ್ಕೆವು. ನಕ್ಕ ಕೂಡಲೇ ನನಗೆ ಅಳು ಬರುವಂತಾಯಿತು.

ತಿಂದಾದ ಮೇಲೆ ಮೊಬೈಲು ತೆಗೆದೆ. ಗಡಿಬಿಡಿಯಲ್ಲಿ ಒಬ್ಬರ ಆಟವನ್ನು ಒತ್ತಿದೆ. ಸಂಗೀತ ಕೇಳಿದೊಡನೆ ಅವನ ಕೈ ರಾಟಿಯ ಮೇಲೆ ನಿಂತಿತು. ಮೊಬೈಲನ್ನು ಅವನ ಕೈಗೆ ಕೊಟ್ಟೆ. ದೂರ ಹಿಡಿದ, ಹತ್ತಿರ ತಂದ, ಮೂಗಿನ ಹತ್ತಿರ ತಂದ. ನಾನು ಚಿತ್ರವನ್ನು ಇನ್ನಷ್ಟು ಸಣ್ಣದು ಮಾಡಿದೆ, ಬೆಳಕು ಏರಿಸಿದೆ.

"ಹಿಡಸತೈತೇನೋ?"

"ಹೂಂ, ಹೂಂ. ಕಾಣಾಕತ್ತೈತಿ."

"ಖರೇನ?"

"ಖರೇನ ಅಂದ್ರ. ಅಲ್ಲೇ ನೋಡ, ಹಕ್ಕಿ ಬಾಜೂಕ ನಿಂತೈತಿ ನನ್ನ ಹಸಿರ ಟ್ಯಾಂಕ. ಚಲೋ ಹಾಕ್ಕೊಂಡ ಬಂದೀದಿ ಅಕ್ಕಾ."

ಒಬ್ಬರ ಆಟದಲ್ಲಿ ಹಸಿರು ಟ್ಯಾಂಕು ಇರುವುದಿಲ್ಲ. ಅವನ ಮುಖದ ಮುಂದೆ ಇದ್ದದ್ದು ಹಳದಿ ಒಂದೇ. ಅವನಿಗೆ ಏನೂ ಕಾಣುತ್ತಿರಲಿಲ್ಲ. ನಾನು ಅಷ್ಟು ದೂರದಿಂದ ತಂದದ್ದಕ್ಕೆ ನನಗೆ ಬೇಸರವಾಗದಿರಲಿ ಎಂದು ನೆನಪಿನಿಂದ ಹೇಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಚಿಗವ್ವ ನನ್ನನ್ನು ನೋಡಿ, ಏನೂ ಕೇಳಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿ ಒಳಗೆ ಹೋದಳು.

ಅವನು ಗಾಜಿನ ಮೇಲೆ ಬೆರಳು ಆಡಿಸುತ್ತ ಸದ್ದು ಕೇಳಿ ಆಡಿದ. ಗುಂಡಿಗಳು ಬೆರಳಿಗೆ ಸಿಗುವ ಹಾಗೆ ಉಬ್ಬಿರಲಿಲ್ಲ. ಬೇಗ ಸೋತ. "ಕೈ ರೂಢಿ ತಪ್ಪೇತಿ," ಎಂದು ನಕ್ಕ. ಆಮೇಲೆ ಸುಮ್ಮನೆ ಕೇಳುವವನಂತೆ ಕೇಳಿದ, "ಎಂದ ಹಾಕಿದಿ ಇದನ್ನ?"

ಹೋದ ವಾರ ಎಂದು ಬಾಯಿಗೆ ಬಂದಿತ್ತು. ಹಾಗೆ ಹೇಳಿದ್ದರೆ ಅವನು ನಂಬುತ್ತಿದ್ದ, ಅಥವಾ ಹಸಿರು ಟ್ಯಾಂಕನ್ನು ಕಂಡ ಹಾಗೆ ಅದನ್ನೂ ನಂಬಿದಂತೆ ಮಾಡುತ್ತಿದ್ದ. ನಾನು ಸಂಜೆಯ ಬಸ್ಸು ಹಿಡಿಯುತ್ತಿದ್ದೆ. ಅವನು ಮತ್ತೆ ರಾಟಿಯ ಮುಂದೆ.

"ನೀ ಕೇಳಿದಾಗನ ಹಾಕಿದ್ನಿ," ಎಂದೆ. "ಅವಾಗ ಹಾಕಿದ್ದ ಇದು. ಇಷ್ಟ ವರ್ಷ ನನ್ನ ಕೈಯಾಗ ಇತ್ತು. ನಾ ಒಬ್ಬಾಕಿನ ಆಡಕೋತ ಕುಂತೆ."

ಅವನು ಮೊಬೈಲನ್ನು ತೊಡೆಯ ಮೇಲೆ ಮೆಲ್ಲಗೆ ಇಟ್ಟುಕೊಂಡ. "ಅವಾಗ ಕಾಣತಿತ್ತ ಅಕ್ಕಾ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ನಾನು ಕೆಳಗೆ ಕುಳಿತು ಅವನ ಕೈ ಹಿಡಿದೆ. ಬೆರಳಿನ ತುದಿಗಳು ನೂಲಿಗೆ ಸವೆದು ನುಣುಪಾಗಿದ್ದವು. ಇಂಥ ಮಾತನ್ನು ಹೇಗೆ ಆಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಒಳಗೆ ಚಿಗವ್ವನಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ:

"ನಿನ್ನ ಅರಿವಿ ಚೀಲಕ್ಕ ತುಂಬಿದಾಕಿ ನಾನ. ನಿನಗ ಕಣ್ಣ ಕಾಣೂ ಮುಂದ ಬರಲಾರದಾಕೀನೂ ನಾನ. ಮಂದಿ ಏನಂತಾರ ಅಂತ ನಿನ್ನ ಮುಚ್ಚಿಟ್ಟೆ. ನಂದ ತಪ್ಪಾತಪಾ ತಮ್ಮಾ. ನಂದ ತಪ್ಪಾತು."