ಎರಡನೆಯ ಡಿಕಾಕ್ಷನ್

ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ್ದಾಯಿತು, ರೇಡಿಯೋದಲ್ಲಿ ಆಂಧ್ರದ ವಾರ್ತೆ ಮುಗಿಯಿತು, ಯಜಮಾನರು ಡಬ್ಬಿ ಹಿಡಿದು ಫ್ಯಾಕ್ಟರಿ ಬಸ್ಸು ಹತ್ತಿ ತಾರ್ನಾಕದ ತಿರುವು ದಾಟಿದ್ದೂ ಆಯಿತು. ಹುರಿಗಡಲೆಗೊಂದು ಡಬ್ಬಿ ಬೇಕೆಂದು ಅಟ್ಟಕ್ಕೆ ಕೈ ಹಾಕದಿದ್ದರೆ ಇವತ್ತೂ ದಿನದಂತೆಯೇ ಕಳೆಯುತ್ತಿತ್ತು. ಸಿಕ್ಕಿದ್ದು ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದೆ. ಒಣ ಖರ್ಜೂರದ್ದೋ ಮರದ ಪೆಟ್ಟಿಗೆಯದೋ ಎನ್ನುವಂಥ ಘಮ. ಒಳಗೆ ಕಾಗದ ಸುತ್ತಿದ ಕಪ್ಪು ಬಿಲ್ಲೆ. ಚೀನಾದ ಪು-ಅರ್ ಚಹಾ!

ಇದರ ಕಥೆ ನಿಮಗೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಯಜಮಾನರು ತರಬೇತಿಗೆಂದು ಚೀನಾಕ್ಕೆ ಹೋಗಿದ್ದರು. ಸೀರೆಯಿಂದ ಸೊಪ್ಪಿನವರೆಗೆ ಎಲ್ಲಕ್ಕೂ "ನೀನೇ ನೋಡಿ ತಗೋ" ಎನ್ನುವ ಮನುಷ್ಯ ಮದುವೆಯಾದ ಮೇಲೆ ಮೊದಲ ಸಲ ತಾವೇ ಆರಿಸಿ ತಂದ ಉಡುಗೊರೆ ಅದು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಬೆಚ್ಚಗೆ ಮುಚ್ಚಿ ಮಾಗಿಸಿ, ಆಮೇಲೆ ಬಿಲ್ಲೆಯಾಗಿ ಒತ್ತುತ್ತಾರಂತೆ. ಒಳ್ಳೆಯದನ್ನು ಗುರುತಿಸುವ ಬಗೆಯನ್ನು ಅಂಗಡಿಯವನು ಸನ್ನೆಯಲ್ಲೇ ಕಲಿಸಿದನಂತೆ: ಬೆಳಕಿಗೆ ಹಿಡಿದು ನೋಡು, ಗಂಟಲನ್ನು ಕೇಳು, ಎಲೆ ಹಿಸುಕು. ಅಷ್ಟನ್ನೂ ಅವರು ನಡುಮನೆಯಲ್ಲಿ ನಿಂತು ಅಭಿನಯಿಸಿದರು.

ಆಗಲೇ ಬಂದರು ಎದುರುಮನೆಯ ಇಂದಿರಾಬಾಯಿ, ಕಲಬುರಗಿ ಕಡೆಯವರು. ಅಲ್ಲಿ ಬೆರಣಿಗೆ ಕುಳ್ಳು ಎನ್ನುತ್ತಾರೆ. ಬಿಲ್ಲೆ ನೋಡಿದ್ದೇ, "ಅಯ್ಯ ನಮ್ಮವ್ವ! ಚೀನಾತನಕಾ ಹೋಗಿ ಕುಳ್ಳು ತಂದಾರಲ್ರೀ ಸಾಹೇಬ್ರು! ಇಲ್ಲೇ ಗೌಳೇರ ಓಣ್ಯಾಗ ಸಿಗತಿರಲಿಲ್ಲೇನ್ರೀ?" ಎಂದರು.

ನಾನೂ ನಕ್ಕುಬಿಟ್ಟೆ. ಆದರೆ ಮರ್ಯಾದೆಯಲ್ಲಿ ಕೊರತೆ ಮಾಡಲಿಲ್ಲ. ಮೈಸೂರಿನವಳು ನಾನು, ನಮ್ಮಲ್ಲಿ ಮೊದಲ ಡಿಕಾಕ್ಷನ್ ಬಂದವರಿಗೆ, ಎರಡನೆಯದು ಮನೆಯಾಕೆಗೆ. ಹಾಗೆಯೇ ಮೊದಲು ಇಳಿಸಿದ್ದನ್ನು ಅವರ ಕೈಗಿತ್ತೆ. ಒಂದೇ ಗುಟುಕಿಗೆ ಮುಖ ಕಿವುಚಿದರು. "ಟ್ರಂಕ್ ತೊಳೆದ ನೀರಿದ್ದಂಗ ಐತ್ರೀ. ಸಾಹೇಬ್ರಿಗೆ ಟೋಪಿ ಹಾಕ್ಯಾರ."

ಯಜಮಾನರು ಹಳೆಯ ಮಡಿಕೆಗಳಿಗೆ ಸರಿಯಾಗಿ ಕಾಗದ ಮಡಚಿ ಬಿಲ್ಲೆಯನ್ನು ಡಬ್ಬಿಗೆ ಹಾಕಿ ಅಟ್ಟಕ್ಕಿಟ್ಟರು. ಆಮೇಲೆ ದಿಲ್ಲಿಗೆ ಹೋದರೂ ಬರಿಗೈಯಲ್ಲೇ ಬಂದರು.

ಇವತ್ತು ಒಂದು ಚೂರು ಮುರಿದು ಬಿಸಿನೀರು ಹುಯ್ದೆ. ಇಳಿಸಿದರೆ ಅದೇ ಟ್ರಂಕಿನ ವಾಸನೆ! ಕರಿಬೇವಿನ ಕುಂಡಕ್ಕೆ ಚೆಲ್ಲಿದೆ. ಆದರೆ ಎಲೆ ಎಸೆಯಲು ಕೈ ಬರಬೇಕಲ್ಲ? ಎರಡನೆಯ ಡಿಕಾಕ್ಷನ್ ಕುಡಿದೇ ಸಂಸಾರ ಮಾಡಿದವಳು, ಇನ್ನೊಮ್ಮೆ ಹುಯ್ದೆ. ಗಾಜಿನ ಲೋಟವನ್ನು ಕಿಟಕಿಗೆ ಹಿಡಿದರೆ ದಾಳಿಂಬೆಯ ಕಡುಗೆಂಪು, ಒಂದಿಷ್ಟೂ ಕದಡಿಲ್ಲ, ಆಚೆಯ ಸರಳು ಕಾಣುತ್ತಿದೆ! ಸೊರ್ರೆಂದು ಹೀರಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿಸಿಕೊಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕಹಿಯಿಲ್ಲ, ಗಂಜಿಯ ತಿಳಿಯಂಥ ನುಣುಪು. ನುಂಗಿದ ಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಆಗುತ್ತದಲ್ಲ, ಹಾಗೆ ಗಂಟಲಲ್ಲಿ ಸಿಹಿ ಎದ್ದು ಬಂತು. ಎಲೆ ಹಿಸುಕಿದೆ. ಇದ್ದಿಲಿನಂತೆ ಪುಡಿಯಾಗಲಿಲ್ಲ, ನೆನೆದ ದ್ರಾಕ್ಷಿಯ ಸಿಪ್ಪೆಯಂತೆ ಮೆತ್ತಗಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಅವರು ಮೋಸ ಹೋಗಿರಲಿಲ್ಲ!

ಸಂಜೆ ಬೂಟು ಬಿಚ್ಚುವುದಕ್ಕೂ ಬಿಡದೆ ಅವರೆದುರಿಗೆ ಮಾಡತೊಡಗಿದೆ. ಮೊದಲನೆಯದನ್ನು ಚೆಲ್ಲಿದ್ದೇ ತಡ, ಹಣೆ ಬಡಿದುಕೊಂಡರು: "ಅಯ್ಯೋ, ಆ ಅಂಗಡಿಯವನೂ ಚೆಲ್ಲಿದ್ದ ಕಣೇ! ಕೈ ಜಾರಿತೇನೋ ಅಂದ್ಕೊಂಡಿದ್ದೆ!" ಆಮೇಲೆ ಕುಡಿದರು. ಅವರ ಕೈ ತಾನಾಗಿ ಗಂಟಲಿಗೆ ಹೋಯಿತು.

ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಇಂದಿರಾಬಾಯಿ ಬಂದರು. ಇದು ಯಾವುದೆಂದು ಹೇಳದೆ ಒಂದು ಲೋಟ ಕೊಟ್ಟೆ. ನಿಂತೇ ಕುಡಿದು ಮುಗಿಸಿ, ಲೋಟವನ್ನು ಮತ್ತೆ ಚಾಚಿದರು. ಯಜಮಾನರು ಪೇಪರಿನ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದರು.

"ಭಾಳ ಚಲೋ ಐತ್ರೀ ಇದು," ಎನ್ನುತ್ತ ಮೊಸರಿನ ಬಟ್ಟಲೆತ್ತಿಕೊಂಡು ಬಾಗಿಲವರೆಗೆ ಹೋದವರು ಪೇಪರಿನ ಕಡೆ ತಿರುಗಿದರು.

"ಸಾಹೇಬ್ರ, ಅವತ್ತು ಆ ಕುಳ್ಳು ಬಿಟ್ಟು ಇಂಥಾದ್ದು ತರಬೇಕಿತ್ತು ನೋಡ್ರಿ."