ಹಳೆಯ ರೂಟರಿನ ನಾತ

ದೆವ್ವ, ಪೀಡೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಚನ್ನಗಿರಿಯಲ್ಲಿ ಕೂತು ಸುತ್ತಲಿನ ಆಫೀಸುಗಳಿಗೆ ಇಂಟರ್ನೆಟ್ ಜೋಡಿಸಿಕೊಡುವವನು ನಾನು. ತಂತಿ ಸರಿಯಿದ್ದರೆ ನೆಟ್ ಬರುತ್ತದೆ, ಇಲ್ಲದಿದ್ದರೆ ಇಲ್ಲ, ನಡುವೆ ಇನ್ನೇನೂ ಇಲ್ಲ ಎಂದುಕೊಂಡಿದ್ದೆ. ಕೆಲವು ತಿಂಗಳ ಹಿಂದಿನ ಒಂದು ಸಂಜೆ ಅದನ್ನು ಸುಳ್ಳು ಮಾಡಿತು. ನೀವು ನಂಬಲೇಬೇಕೆಂದು ನಾನೇನೂ ಹೇಳುವುದಿಲ್ಲ.

ಹೊನ್ನಾಳಿಯ ಒಂದು ಗೊಬ್ಬರದ ಏಜೆನ್ಸಿಯವರು ನನ್ನನ್ನು ಕರೆಸಿದ್ದರು. ದಿನಾ ಸಂಜೆ ಟೀ ಬರುವ ಹೊತ್ತಿಗೆ ಅಲ್ಲಿ ನೆಟ್ ಸತ್ತುಹೋಗಿ, ನ್ಯಾಮತಿ, ಜಗಳೂರು ಶಾಖೆಗಳ ಬಿಲ್ಲುಗಳೆಲ್ಲ ಅರ್ಧಕ್ಕೆ ನಿಲ್ಲುತ್ತಿದ್ದವು. ಮ್ಯಾನೇಜರ್ ತಪ್ಪನ್ನೆಲ್ಲ ಬಿಲ್ ಹಾಕುವ ಶಬಾನಾ ಮೇಲೆ ಹೊರಿಸಿದ್ದ. "ಈಯಮ್ಮ ಮೊಬೈಲಲ್ಲಿ ವಿಡಿಯೋ ನೋಡಾಕೆ ಕುಂತ್ರೆ ನೆಟ್ ಎಲ್ಲಿ ಉಳಿತೈತ್ರೀ? ಇವತ್ತೂ ಹೋದ್ರೆ ನಾಳೆಯಿಂದ ಬರೋದು ಬ್ಯಾಡ ಅಂದೀನಿ," ಎಂದು ಆಕೆಯ ಎದುರಿಗೇ ಹೇಳಿದ. ಸಾಸ್ವೆಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಆಕೆ, "ನನ್ನ ಫೋನಿಗೆ ವೈಫೈ ಪಾಸ್‌ವರ್ಡೇ ಕೊಟ್ಟಿಲ್ಲ ಸರ್," ಎಂದಷ್ಟೇ ಹೇಳಿದಳು.

ಹಳೆಯ ರೂಟರ್ ಬಿಚ್ಚಿದೆ. ಥೂ! ಮ್ಯಾನೇಜರ್ ದಿನಾ ಅದಕ್ಕೆ ಪೂಜೆ ಮಾಡಿ, ಗಾಳಿಯಾಡುವ ಸಂದಿಗೇ ಊದುಬತ್ತಿ ಚುಚ್ಚಿ, ಕುಂಕುಮದ ನೀರು ಚಿಮುಕಿಸುತ್ತಿದ್ದನಂತೆ. ಒಳಗೆ ಬೂದಿ, ಜಿರಳೆ ಮೊಟ್ಟೆ, ಕುಂಕುಮದ ರಾಡಿಗೆ ಅಂಟಿಕೊಂಡು ಅರ್ಧ ಕೊಳೆತ ಹಲ್ಲಿ. ಪಕ್ಕದ ಮೂಲೆಯಲ್ಲಿ ಅದೇ ಭಕ್ತ ಉಗಿದ ಗುಟ್ಕಾ ಬೇರೆ. ವಾಕರಿಕೆ ತಡೆದುಕೊಂಡು ಆ ಡಬ್ಬಿಯನ್ನು ಹಿತ್ತಲಿನ ಚರಂಡಿಗೆಸೆದು, ಕೈ ತೊಳೆದೇ ತೊಳೆದೆ.

ಹೊಸ ರೂಟರಿಗೆ ಎರಡು ಲೈನ್ ಕೊಟ್ಟೆ, ಒಂದು ಫೈಬರ್, ಇನ್ನೊಂದು ಮೊಬೈಲ್ ಟವರಿನದು. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಬೇಕು. ಒಳಗೆ ಎರಡು ಸಬ್‌ನೆಟ್ ಮಾಡಿದೆ, ಅಂದರೆ ಮನೆಯ ನಡುವೆ ಗೋಡೆ ಎಬ್ಬಿಸಿದ ಹಾಗೆ: ಬಿಲ್ಲಿನ ಕಂಪ್ಯೂಟರುಗಳು ಈ ಕಡೆ, ಫೋನುಗಳು ಆ ಕಡೆ. ಇನ್ನು ಯಾರ ಫೋನೂ ಬಿಲ್ಲಿಗೆ ಅಡ್ಡ ಬರುವಂತಿರಲಿಲ್ಲ. ಆದರೂ ಶಬಾನಾ ತನ್ನ ಫೋನನ್ನು ಆಫ್ ಮಾಡಿ ಮ್ಯಾನೇಜರನ ಮೇಜಿನ ಮೇಲಿಟ್ಟಳು.

ಟೀ ಬಂತು. ಎರಡೂ ಲೈನ್ ಒಟ್ಟಿಗೇ ಸತ್ತವು. ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದರೆ, ನಾನು ಮಾಡಿಯೇ ಇರದ ಮೂರನೇ ಸಬ್‌ನೆಟ್. ಅದರಲ್ಲಿ ಒಂದೇ ಯಂತ್ರ, ಆ ಹಳೆಯ ರೂಟರ್. ಅಳಿಸಿದೆ, ಮತ್ತೆ ಬಂತು. ಅಷ್ಟರಲ್ಲಿ ಕೋಣೆಯ ತುಂಬ ಕೊಳೆತ ಹಲ್ಲಿಯ ನಾತ, ಊದುಬತ್ತಿಯ ವಾಸನೆಯೊಂದಿಗೆ ಬೆರೆತು. ನಾನು ಹಿತ್ತಲಿಗೆ ಓಡಿದೆ, ಮ್ಯಾನೇಜರೂ ಹಿಂದೆ ಬಂದ. ಯಾವ ತಂತಿಯೂ ಇಲ್ಲದೆ, ಚರಂಡಿ ನೀರಿನಲ್ಲಿ ಅರ್ಧ ಮುಳುಗಿದ್ದ ಆ ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಆರಿತು. ಒಳಗೆ ನೆಟ್ ಬಂತು.

"ನೋಡಿದ್ರಲ್ಲ, ಆಯಮ್ಮಂದು ಏನೂ ತಪ್ಪಿಲ್ಲ," ಎಂದೆ.

"ಇದನ್ನ ಯಾರಿಗೂ ಹೇಳಾಕೆ ಹೋಗಬ್ಯಾಡ್ರಿ," ಎಂದು ಮ್ಯಾನೇಜರ್ ಬೆವರೊರೆಸಿಕೊಂಡ. ನೇರ ಒಳಗೆ ಹೋಗಿ ಶಬಾನಾಳ ಫೋನನ್ನು ಆಕೆಯ ಕೈಗಿಟ್ಟು, "ನೆಟ್ ಹೋತಲ್ಲಮ್ಮ, ನಾಳೆಯಿಂದ ಬರಬ್ಯಾಡ," ಎಂದ. ನಾನು ಕೂಗಾಡಿದೆ, ಕಂಡದ್ದನ್ನೆಲ್ಲ ಅಲ್ಲೇ ಹೇಳಿದೆ. ಆತ ಗುಟ್ಕಾ ಜಗಿಯುತ್ತ ಗೋಡೆ ನೋಡಿದ. ಶಬಾನಾ ಟಿಫಿನ್ ಡಬ್ಬಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆ ದೀಪ ಹೇಗೆ ಉರಿಯಿತೆಂದು ಎಷ್ಟು ತಲೆ ಕೆಡಿಸಿಕೊಂಡರೂ ನನಗೆ ಹೊಳೆದಿಲ್ಲ. ಮೊನ್ನೆ ಮ್ಯಾನೇಜರ್ ಫೋನ್ ಮಾಡಿದ್ದ. "ಬಂದು ನೋಡ್ರಿ ಸ್ವಲ್ಪ. ಟೀ ಹೊತ್ತಿಗೆ ಹೋಗೋದು ನಿಂತಿಲ್ಲ. ಶಬಾನಾ ಜಾಗಕ್ಕೆ ಬಂದಾಕೀನೂ ಕೆಲಸ ಬಿಡಿಸೀನಿ, ಆದ್ರೂ ಹೋಗ್ತೈತೆ," ಎಂದ.

ನಾನು ಫೋನ್ ಕಟ್ ಮಾಡಿದೆ. ಆಮೇಲೆ ಬಹಳ ಹೊತ್ತು ಚನ್ನಗಿರಿಯ ನನ್ನ ಕೋಣೆಯಲ್ಲಿ ಅದೇ ನಾತವಿತ್ತು.